ಮಗ್ಗ ನಿಂತರೆ ನಿಲ್ಲುತ್ತಿದ್ದ ಹಾಡು

ಮೊನ್ನೆ ಮಧ್ಯಾಹ್ನ ಸೊಸೆ ಹಿತ್ತಿಲಲ್ಲಿ ಕೂತು ತನ್ನ ಕಾಟನ್ ಸೀರೆಗಳಿಗೆ ಗಂಜಿ ಹಾಕುತ್ತಿದ್ದಳು. ಅವಳು ಶಾಲೆಯಲ್ಲಿ ಕಲಿಸುವವಳು. ಸೀರೆ ನೆಟ್ಟಗೆ ನಿಲ್ಲದಿದ್ದರೆ ಮಕ್ಕಳು ಹೆದರುವುದಿಲ್ಲ ಎಂಬುದು ಅವಳ ನಂಬಿಕೆ. ನಾನು ಒಳಗೆ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಅಕ್ಕಿ ಗಂಜಿಯ ಆ ಬಿಸಿ ಬಿಸಿ, ತುಸು ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಖಾನಾಪುರದ ಈ ಮನೆ ಎಲ್ಲಿ ಹೋಯಿತೋ ಏನೋ, ನಾನು ಬೆಳಗಾವಿಯ ಖಾಸಬಾಗದ ನಮ್ಮ ಓಣಿಯಲ್ಲಿದ್ದೆ. ಓಣಿಯುದ್ದಕ್ಕೂ ಮಗ್ಗಕ್ಕೆ ಏರಿಸುವ ನೂಲಿನ ಹಾಸು ಚಾಚಿ ಅದಕ್ಕೆ ಗಂಜಿ ಬಳಿಯುತ್ತಿದ್ದರು. ಎಡಗಡೆ ಗೋಡೆಯಾಚೆಯಿಂದ ತಂಬೂರಿಯ ದನಿ ಬರುತ್ತಿತ್ತು...

ಗೋಡೆಯಾಚೆ ಇದ್ದವರು ಆಯಿ. ಅವರಿಗೊಂದು ಹೆಸರಿತ್ತು, ನನಗೂ ಗೊತ್ತಿತ್ತು. ಆದರೆ ಆ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಲಿಲ್ಲ, ಈಗ ಬರೆಯಲು ನನಗೂ ಮನಸ್ಸಿಲ್ಲ. ಓಣಿಗೆಲ್ಲ ಅವರು ಆಯಿ. ಜೈನರ ಮನೆಯ ವಿಧವೆ, ಬಿಳಿ ಸೀರೆ, ಬೋಳು ಕೈ, ತೆಳ್ಳಗಿನ ಮೈ. ದನಿ ಮಾತ್ರ ಆ ಮೈಗೆ ಹೊಂದುತ್ತಿರಲಿಲ್ಲ, ಅಷ್ಟು ದೊಡ್ಡದು. ತವರು ಖಾನಾಪುರದ ಕಡೆಯ ಪಾರಿಶ್ವಾಡ. ಅವರ ಅಪ್ಪ ಒಕ್ಕಲುತನದವರು, ಆದರೆ ಬೆಳಗಾವಿಗೆ ಬಂದು ಹೋಗುತ್ತಿದ್ದ ಗವಾಯಿಗಳ ಹಿಂದೆ ತಿರುಗಿ ಹಾಡು ಕಲಿತಿದ್ದರಂತೆ. ಕಲಿತದ್ದನ್ನೆಲ್ಲ ಮಗಳಿಗೆ ಕೊಟ್ಟು ಕಣ್ಣು ಮುಚ್ಚಿದ್ದರು.

ನಮ್ಮದು ನೇಕಾರರ ಮನೆ. ನಡುಮನೆಯಲ್ಲಿ ಅಪ್ಪನ ಮಗ್ಗ, ನೆಲದಲ್ಲಿ ಕುಣಿ ತೋಡಿ ಅದರಲ್ಲಿ ಕಾಲಿಳಿಸಿ ಕೂಡುವಂಥದು. ಬೆಳಗಿನಿಂದ ಸಂಜೆಯವರೆಗೆ ಖಟ್ ಖಟ್, ಖಟ್ ಖಟ್. ನಮಗೆ ಅದು ಸಪ್ಪಳ ಅನ್ನಿಸುತ್ತಲೇ ಇರಲಿಲ್ಲ, ನಿಂತಾಗ ಮಾತ್ರ ಎಲ್ಲರೂ ತಲೆಯೆತ್ತಿ ನೋಡುತ್ತಿದ್ದೆವು. ನನಗೆ ಏಳೋ ಎಂಟೋ ವರ್ಷ ಇದ್ದಾಗ ಒಂದು ಸಂಗತಿ ಗಮನಕ್ಕೆ ಬಂತು. ಅಪ್ಪನ ಮಗ್ಗದಲ್ಲಿ ಎಳೆ ಹರಿದು ಅವನು ಕೈ ನಿಲ್ಲಿಸಿದಾಗೆಲ್ಲ ಗೋಡೆಯಾಚೆಯ ಹಾಡೂ ನಿಲ್ಲುತ್ತಿತ್ತು. ಅದೂ ಹೇಗೆ? ನಡುಸಾಲಿನಲ್ಲಿ, ಕೆಲವು ಸಲ ನಡುಶಬ್ದದಲ್ಲಿ. ತಂಬೂರಿ ಮಾತ್ರ ಮಿಡಿಯುತ್ತಲೇ ಇರುತ್ತಿತ್ತು. ಅಪ್ಪ ಗಂಟು ಹಾಕಿ ಮತ್ತೆ ಲಾಳಿ ಎಸೆದನೋ, ಹಾಡು ಬಿಟ್ಟ ಅಕ್ಷರದಿಂದಲೇ ಮುಂದಕ್ಕೆ ಹೋಗುತ್ತಿತ್ತು.

ಒಂದು ದಿನ ಎಳೆ ಕೆಟ್ಟದಾಗಿ ಹರಿದಿತ್ತು. ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಒಂದೊಂದೇ ಎಳೆ ಹುಡುಕುತ್ತಿದ್ದ. ಆಚೆ ಆಯಿ ಪಾಪ, ಬಾಯಲ್ಲಿ ಸ್ವರ ಹಿಡಿದುಕೊಂಡು ಕೂತಿರಬೇಕು. ನನಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಅವರ ಬಾಗಿಲಲ್ಲಿ ನಿಂತು ಹೇಳಿದೆ.

“ಆಯಿ, ಭಾಳ ಎಳಿ ಹರದಾವ್ರಿ. ಅಪ್ಪಗ ಇನ್ನೂ ತಡಾ ಆಕ್ಕೈತಿ.”

ಆಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನಾ ಕಾಯಾಕತ್ತೀನಿ ಅಂತ ನಿನಗ ಹ್ಯಾಂಗ ಗೊತ್ತಾತು?”

“ನಿಂತೀರಲ್ರೀ.”

“ಒಳಗ ಬಾ. ಕುಂದರು,” ಎಂದರು. ನನ್ನ ಸಂಗೀತ ಶುರುವಾದದ್ದು ಹೀಗೆ. ಗುರುಪೂಜೆ, ತೆಂಗಿನಕಾಯಿ, ಯಾವುದೂ ಇಲ್ಲ.

ಆಯಿ ಯಾಕೆ ಮಗ್ಗಕ್ಕೆ ಹಾಡುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಅವರ ಮನೆಯಲ್ಲಿ ತಬಲಾ ಬರುವಂತಿರಲಿಲ್ಲ. ತಬಲಾ ಎಂದರೆ ತೊಗಲು, ತೊಗಲು ಎಂದರೆ ಒಂದು ಜೀವ. ಹೀಗಾಗಿ ತಾಳಕ್ಕೆ ಏನೂ ಇರಲಿಲ್ಲ. ಕೈಯಲ್ಲಿ ತಾಳ ಹಾಕಿಕೊಳ್ಳಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಕೈ ನನ್ನ ಮಾತ ಕೇಳ್ತೈತಿ ಮಗಳ. ನಾ ಅವಸರಾ ಮಾಡಿದ್ರ ಅದೂ ಅವಸರಾ ಮಾಡ್ತೈತಿ. ನಿಮ್ಮಪ್ಪನ ಮಗ್ಗ ನನ್ನ ಮಾತ ಕೇಳೂದಿಲ್ಲ. ತಾಳ ಅಂದ್ರ ಹಂಗಿರಬೇಕು.”

ಮೊದಲ ಮಳೆಗಾಲವಿಡೀ ನನ್ನನ್ನು ಬಾಯಿ ತೆರೆಯಲು ಬಿಡಲಿಲ್ಲ. ತಂಬೂರಿಯ ತಂತಿಯ ಕೆಳಗೆ ಒಂದು ಸಣ್ಣ ನೂಲಿನ ಎಳೆ ಇಡುತ್ತಾರೆ. ಅದು ಸರಿಯಾದ ಜಾಗದಲ್ಲಿ ಕೂತರೆ ತಂತಿ ಝೇಂಕರಿಸುತ್ತದೆ, ಕೂದಲೆಳೆಯಷ್ಟು ಸರಿದರೆ ಸಪ್ಪಗಾಗುತ್ತದೆ. ಆ ಎಳೆಯನ್ನು ಹಿಂದೆ ಮುಂದೆ ಸರಿಸುವುದೇ ನನ್ನ ಪಾಠ. ನೇಕಾರನ ಮಗಳಲ್ಲವೇ, ನನ್ನ ಜಾಣತನ ತೋರಿಸಬೇಕೆಂದು ಒಂದು ದಿನ ಅಪ್ಪನ ಹತ್ತಿರ ಕಾಡಿ ಬೇಡಿ ಸೆರಗಿಗೆ ಹಾಕುವ ಒಳ್ಳೆ ರೇಷ್ಮೆ ಎಳೆ ತಂದುಕೊಟ್ಟೆ. ಆಯಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮತ್ತೆ ನನ್ನ ಅಂಗೈಯಲ್ಲೇ ಇಟ್ಟು ಬೆರಳು ಮಡಿಚಿದರು.

“ಇದು ಹುಳಾ ಕುದಿಸಿ ತಗದದ್ದು. ನನಗ ಒಗ್ಗಂಗಿಲ್ಲ. ಅಪ್ಪಗ ಬ್ಯಾಸರಾ ಮಾಡ್ಕೋಬ್ಯಾಡ ಅಂತ ಹೇಳು, ಅವನ ದುಡಿಮಿ ಅವಂದು. ಹತ್ತಿ ನೂಲಿದ್ರ ಒಂದ ಗೇಣು ತಂದ್ ಕೊಡು.”

ರೇಷ್ಮೆ ನೇಯುವ ಓಣಿಯಲ್ಲೇ ಅಷ್ಟು ವರ್ಷ ಇದ್ದು, ಯಾರನ್ನೂ ಒಂದು ಮಾತು ಜರಿಯದೆ, ತಮ್ಮ ಪಾಡಿಗೆ ತಮ್ಮ ನೇಮ ಹಿಡಿದುಕೊಂಡು ಬದುಕಿದವರು ಅವರು. ಇನ್ನೊಂದು ನೇಮವಿತ್ತು, ಅದು ಎಲ್ಲಕ್ಕಿಂತ ಕಠಿಣ. ಹೊತ್ತು ಮುಳುಗಿದರೆ ಅವರಿಗೆ ಊಟವಿಲ್ಲ, ದೀಪವಿಲ್ಲ, ಮಾತಿಲ್ಲ. ದೀಪ ಹಚ್ಚಿದರೆ ಹುಳ ಬಂದು ಬೀಳುತ್ತವೆ ಎಂದು ದೀಪ ಬಿಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ರಾತ್ರಿಯ ಮಾತನ್ನೂ ಬಿಟ್ಟಿದ್ದರು. ಮತ್ತೆ ಅವರ ದನಿ ಕೇಳುವುದು ಸೂರ್ಯ ಮೂಡಿದ ಮೇಲೆಯೇ. ಹೀಗಾಗಿ ಅವರು ಕಲಿಸಿದ ರಾಗಗಳೆಲ್ಲ ಬೆಳಗಿನವು, ಮಧ್ಯಾಹ್ನದವು, ಹೆಚ್ಚೆಂದರೆ ಇಳಿಹೊತ್ತಿನವು. ನನ್ನ ಸಂಗೀತಕ್ಕೆ ರಾತ್ರಿಯೇ ಇರಲಿಲ್ಲ.

ಅಪ್ಪ ಇದರಲ್ಲಿ ತನ್ನದೇನೂ ಇಲ್ಲ ಎಂಬಂತೆ ಇರುತ್ತಿದ್ದ. ಆದರೆ ಎಳೆ ಹರಿದಾಗ ಅವನ ಕೈ ಮೊದಲಿಗಿಂತ ಚುರುಕಾಗಿ ಓಡುವುದನ್ನು ನಾನೂ ಕಂಡಿದ್ದೆ, ಅವ್ವನೂ ಕಂಡಿದ್ದಳು. “ಸೀರಿ ನೇಯಾಕತ್ತೀಯೋ, ತಾಳಾ ಹಾಕಾಕತ್ತೀಯೋ?” ಎಂದು ಅವ್ವ ಚುಚ್ಚುತ್ತಿದ್ದಳು. ಅಪ್ಪ ಮೀಸೆಯಲ್ಲೇ ನಕ್ಕು ಲಾಳಿ ಎಸೆಯುತ್ತಿದ್ದ.

ಅವ್ವನ ಚಿಂತೆ ಬೇರೆ. ಹಾಡುವ ಹುಡುಗಿ ಎಂದರೆ ಆಗ ನಾಟಕದ ಕಂಪನಿಯೇ ಜನರ ಕಣ್ಣಿಗೆ ಬರುತ್ತಿತ್ತು. “ಹಾಡಾಕಿ ಅಂತ ಹೆಸರ ಬಿದ್ರ ಮುಗೀತು, ಯಾರ ಮಾಡ್ಕೋತಾರ?” ಎನ್ನುತ್ತಿದ್ದಳು. ನನ್ನ ಚಿಂತೆ ಇದಕ್ಕೆ ಉಲ್ಟಾ. ಮಾಡಿಕೊಂಡರೆ ಏನು ಗತಿ? ನಮ್ಮಕ್ಕ ಮದುವೆಗೆ ಮುಂಚೆ ನನಗಿಂತ ಚೆಂದ ಹಾಡುತ್ತಿದ್ದಳು. ಗಂಡನ ಮನೆಗೆ ಹೋದ ಮೇಲೆ ಅವಳ ಬಾಯಲ್ಲಿ ಒಂದು ಜೋಗುಳವನ್ನೂ ನಾವು ಕೇಳಲಿಲ್ಲ. ತವರಿಗೆ ಬಂದಾಗ ಹಾಡು ಎಂದರೆ ನಕ್ಕು ಎದ್ದು ಹೋಗುತ್ತಿದ್ದಳು. ನನ್ನ ಹಾಡೂ ಹಾಗೇ ಹೋಗುತ್ತದೆ ಎಂಬ ಹೆದರಿಕೆ ನನ್ನ ಎದೆಯಲ್ಲಿ ಮನೆ ಮಾಡಿತ್ತು.

ನನಗೆ ಹನ್ನೊಂದೋ ಹನ್ನೆರಡೋ ಇರುವಾಗ ಖಾನಾಪುರದವರು ನೋಡಲು ಬಂದರು. ನಮ್ಮವರೇ, ಆದರೆ ಮಗ್ಗ ಬಿಟ್ಟು ಬಟ್ಟೆಯ ಅಂಗಡಿ ಇಟ್ಟವರು. ಅವತ್ತು ಬೀಗರು ಕೂಡಬೇಕೆಂದು ಅಪ್ಪ ಮಗ್ಗ ನಿಲ್ಲಿಸಿ ಕುಣಿಯ ಮೇಲೆ ಹಲಗೆ ಮುಚ್ಚಿ ಜಮಖಾನೆ ಹಾಸಿದ್ದ. ಮನೆ ಭಣಭಣ ಎನ್ನುತ್ತಿತ್ತು. ಅವಲಕ್ಕಿ, ಚಹಾ ಆಯಿತು. ಹುಡುಗನ ಅಪ್ಪ, ದೊಡ್ಡ ಹೊಟ್ಟೆಯ ನಗೆಮೋರೆಯ ಮನುಷ್ಯ, ನನ್ನನ್ನು ಕೇಳಿದರು.

“ಹಾಡ-ಗೀಡ ಬರ್ತೈತೇನವಾ?”

ಕನ್ಯಾ ನೋಡಲು ಬಂದವರು ಎಲ್ಲರೂ ಕೇಳುವ ಮಾತು ಅದು. ಹುಡುಗಿ ಮೂಕಿ ಅಲ್ಲ ಎಂದು ಖಾತ್ರಿಯಾದರೆ ಅವರಿಗೆ ಸಾಕು. ಒಂದು ಆರತಿಯ ಹಾಡಿನ ಎರಡು ಸಾಲು ಹೇಳಿ ತಲೆ ತಗ್ಗಿಸುವುದು ರೂಢಿ. ನನಗೆ ಅದು ಹೊಳೆಯಲೇ ಇಲ್ಲ. ತಾಳ ಎಲ್ಲಿ ಎಂದು ಕಿವಿ ಹುಡುಕಿತು. ಎದುರುಮನೆಯ ಕಾಕಾನ ಮಗ್ಗ ನಡೆದಿತ್ತು, ದೂರದಿಂದ, ಸಣ್ಣಗೆ. ಅದನ್ನೇ ಹಿಡಿದು ಆಯಿ ಕಲಿಸಿದ ಸಾರಂಗ ರಾಗದ ಒಂದು ಹಾಡು ಎತ್ತಿದೆ. ಅವ್ವನ ಮುಖ ಕಪ್ಪಿಟ್ಟಿತು. ಬಂದವರು ಚಹಾದ ಬಶಿ ಕೆಳಗಿಟ್ಟು ಕೇಳತೊಡಗಿದರು.

ಅಷ್ಟರಲ್ಲಿ ಕಾಕಾನ ಮಗ್ಗ ನಿಂತಿತು.

ನಾನೂ ನಿಂತೆ. ಒಂದು ಶಬ್ದದ ಅರ್ಧ ಬಾಯಲ್ಲಿ, ಅರ್ಧ ಹೊರಗೆ. ಎಷ್ಟೋ ವರ್ಷದ ರೂಢಿ, ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇರಲಿಲ್ಲ. ಸುಮ್ಮನೆ ಕೂತೆ, ಕಣ್ಣು ಎತ್ತಲೋ ನೋಡುತ್ತ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮರ್ತ್ಲೇನು?” ಎಂದು ಒಬ್ಬರು ಕೇಳಿದರು. ಜೊತೆಗೆ ಬಂದಿದ್ದ ಒಬ್ಬ ಮುದುಕಿ, “ಮೈಯಾಗ ಏನರ ಬರ್ತೈತೇನ ಹುಡಿಗೀಗಿ?” ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಅವ್ವ ನನ್ನ ಬೆನ್ನಿಗೆ ಚಿವುಟಿದಳು. ನಾನು ಬಾಯಿ ಬಿಡಲಿಲ್ಲ. ಹುಡುಗನ ಕಡೆಯವರು ಟೊಪ್ಪಿಗೆ ಸರಿಮಾಡಿಕೊಂಡು ಏಳುವ ಸನ್ನಾಹ ನಡೆಸಿದರು.

ಆಗ ಹಿತ್ತಿಲ ಬಾಗಿಲಿನ ಕಡೆಯಿಂದ ದನಿ ಬಂತು.

“ಹುಡಿಗಿ ಮರ್ತಿಲ್ರಿ. ಎದುರಮನಿ ಮಗ್ಗದಾಗ ಎಳಿ ಹರದೈತಿ. ಗಂಟ ಹಾಕೂತನಾ ಕಾಯಾಕತ್ತಾಳ. ಒಂದೀಟ ತಡೀರಿ.”

ಆಯಿ. ವಿಧವೆಯರು ಇಂಥ ಕಾರ್ಯಕ್ಕೆ ಎದುರು ಬರಬಾರದೆಂದು ಅವರು ಬೆಳಗಿನಿಂದ ತಮ್ಮ ಮನೆಯ ಬಾಗಿಲು ಹಾಕಿಕೊಂಡೇ ಇದ್ದರು. ಈಗಲೂ ಹೊಸ್ತಿಲು ದಾಟಿರಲಿಲ್ಲ, ಬಾಗಿಲ ಮರೆಯಲ್ಲಿ ನಿಂತೇ ಮಾತಾಡಿದ್ದರು. ಎಲ್ಲರೂ ಎದುರುಮನೆಯ ಕಡೆ ಕಿವಿಗೊಟ್ಟು ಕೂತರು. ತುಸು ಹೊತ್ತಿಗೆ ಅಲ್ಲಿ ಖಟ್ ಎಂದಿತು, ಇಲ್ಲಿ ನನ್ನ ಬಾಯಲ್ಲಿದ್ದ ಉಳಿದರ್ಧ ಶಬ್ದ ಹೊರಗೆ ಬಂತು.

ಹುಡುಗನ ಅಪ್ಪ ಹೊಟ್ಟೆ ಕುಣಿಸಿ ನಕ್ಕ ನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಾಡು ಮುಗಿಯುವವರೆಗೆ ಕೇಳಿ, ಆಮೇಲೆ ಬಾಗಿಲ ಕಡೆ ತಿರುಗಿದರು. “ಯಾರ್ರಿ ಅದು? ಒಳಗ ಬರ್ರಿ ಅಕ್ಕಾರ. ಕಲಿಸಿದವ್ರು ಹೊರಗ್ಯಾಕ ನಿಂದರಬೇಕು?”

ಆಯಿ ಒಳಗೆ ಬರಲಿಲ್ಲ. ಅಲ್ಲಿಂದಲೇ ಹೇಳಿದರು. “ನಾ ಬಾಜೂಮನಿಯಾಕಿ. ಒಂದ ಮಾತ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಈ ಹುಡಿಗೀನ್ನ ಮಾಡ್ಕೊಂಡ್ರ ಅಡಿಗಿ ಮಾಡಸ್ರಿ, ಕಸಾ ಹೊಡಸ್ರಿ, ನೀರ ತರಸ್ರಿ. ಬಾಯಿ ಮಾತ್ರ ಮುಚ್ಚಸಬ್ಯಾಡ್ರಿ.”

“ನಮ್ಮ ಮನ್ಯಾಗ ಯಾರ ಬಾಯೀನೂ ಮುಚ್ಚಸಾಕ ನನಗ ಆಗಿಲ್ರಿ ಇನ್ನೂ,” ಎಂದು ಅವರು ನಕ್ಕರು. ಆಮೇಲೆ ನಗೆ ನಿಲ್ಲಿಸಿ, “ಹಾಡ್ಲಿ. ನನ್ನ ಮಾತಿದು,” ಎಂದರು.

ಆ ಮಾತನ್ನು ಮಾವ ಸಾಯುವವರೆಗೆ ನಡೆಸಿಕೊಟ್ಟರು. ಆದರೆ ಅದನ್ನು ಕೇಳಿ ಪಡೆದವರು ಆಯಿ. ನನ್ನ ಹೆತ್ತವರಿಗೆ ಬಾಯಿ ಬಾರದ ಹೊತ್ತಿನಲ್ಲಿ, ಬರಬಾರದ ಜಾಗಕ್ಕೆ ಬಂದು ಕೇಳಿದರು. ಈ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ?

ಮದುವೆಯಾಗಿ ಖಾನಾಪುರಕ್ಕೆ ಹೊರಡುವ ಮುಂಚೆ ಒಂದು ಮಟಮಟ ಮಧ್ಯಾಹ್ನ ಆಯಿ ಕರೆದರು. ಹೋಗಿ ನೋಡಿದರೆ ಕಿಟಕಿಗೆ ಕಂಬಳಿ ಕಟ್ಟಿದ್ದರು, ಬಾಗಿಲು ಹಾಕಿದ್ದರು. ಒಳಗೆ ಕತ್ತಲೆ. ನನಗೆ ಗಾಬರಿಯಾಯಿತು.

“ಕುಂದರು. ಇದು ಬಿಹಾಗ. ರಾತ್ರಿ ಊಟ ಆದಮ್ಯಾಲೆ ನಮ್ಮಪ್ಪ ಅಂಗಳದಾಗ ಕುಂತು ಹಾಡ್ತಿದ್ದ. ನೇಮ ಹಿಡದ ಮ್ಯಾಲೆ ನಾ ಬಾಯಿಬಿಟ್ಟು ಹಾಡಿಲ್ಲ. ಮನಸ್ಸಿನ್ಯಾಗ ಹಾಡೀನಿ.”

“ರಾತ್ರಿ ರಾಗ ಹಗಲಾಗ ಹಾಡಿದ್ರ ತಪ್ಪಲ್ಲೇನ್ರಿ ಆಯಿ?”

“ತಪ್ಪ. ಆದ್ರ ನೀ ಹೊಂಟೀದಿ. ತಪ್ಪ ನನಗಿರ್ಲಿ, ರಾಗ ನಿನಗಿರ್ಲಿ.”

ಮುಂದಿನ ಎಲ್ಲ ಮಧ್ಯಾಹ್ನಗಳೂ ಆ ಕಂಬಳಿಯ ಕತ್ತಲೆಯಲ್ಲೇ ಕಳೆದವು. ಗೋಡೆಯಾಚೆ ಅಪ್ಪನ ಮಗ್ಗ, ಈಚೆ ನಾವಿಬ್ಬರು. ಕೊನೆಯ ದಿನ ನಾನು ಅಳುತ್ತ ಕೇಳಿದೆ, ಖಾನಾಪುರದ ಮನೆಯಲ್ಲಿ ಮಗ್ಗವಿಲ್ಲ, ತಾಳ ಎಲ್ಲಿಂದ ತರಲಿ ಎಂದು. ಆಯಿ ನನ್ನ ಕಣ್ಣೊರೆಸಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. “ಮನಿ ಅಂದ ಮ್ಯಾಲೆ ಏನರ ಒಂದು ಸಪ್ಪಳ ಇರ್ತೈತಿ. ಕಿವಿ ತಗದ ಇಟ್ಟರ ಸಿಗ್ತೈತಿ,” ಎಂದರು.

ಸಿಕ್ಕಿತು. ನಮ್ಮ ಮನೆಯ ಹಿಂದೆ ಅವಲಕ್ಕಿ ಕುಟ್ಟುವವರಿದ್ದರು. ಒನಕೆಯ ಪೆಟ್ಟು ಅಪ್ಪನ ಮಗ್ಗಕ್ಕಿಂತ ನಿಧಾನ, ಆದರೆ ನಿಯತ್ತಿನದು. ಹಗಲು ಅದಕ್ಕೆ ಹಾಡಿದೆ. ರಾತ್ರಿ ಮಾವ ಅಂಗಡಿ ಮುಚ್ಚಿ ಬಂದು ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾಗಿ, “ಹೂಂ, ಶುರು ಆಗಲಿ” ಎನ್ನುತ್ತಿದ್ದರು. ನಾನು ಬಿಹಾಗ ಎತ್ತಿದರೆ ಅವರು ಗೊರಕೆ ಎತ್ತುತ್ತಿದ್ದರು, ರಾತ್ರಿಗೆ ಅದೇ ತಾಳ. ಅತ್ತೆ ಮೂಗು ಮುರಿದರೂ ಬೇಡ ಎನ್ನಲಿಲ್ಲ.

ಕೆಲವು ವರ್ಷಗಳ ಮೇಲೆ ಆಯಿಗೆ ಕಾಲು ಸೋತು, ತಮ್ಮನ ಮಕ್ಕಳು ಅವರನ್ನು ಪಾರಿಶ್ವಾಡಕ್ಕೆ ಕರೆದುಕೊಂಡು ಬಂದರೆಂದು ಸುದ್ದಿ ಬಂತು. ಮಾವನೇ ಚಕ್ಕಡಿ ಹೂಡಿಸಿ ಕಳಿಸಿದರು. ಹೋಗಿ ನೋಡಿದರೆ ಆಯಿ ಹಾಸಿಗೆಯಲ್ಲಿ ಒಂದು ಹಿಡಿಯಷ್ಟಾಗಿದ್ದರು. ತಂಬೂರಿ ಪಕ್ಕದ ಗೋಡೆಗೆ ಒರಗಿತ್ತು. ನನ್ನ ಕೈ ಹಿಡಿದುಕೊಂಡು ಊರ ಸುದ್ದಿ, ಅಪ್ಪನ ಸುದ್ದಿ ಎಲ್ಲ ಕೇಳಿದರು. ಹೊತ್ತು ಇಳಿಯುತ್ತ ಬಂದಿತ್ತು, ನಾನು ಹೊರಡಲು ಎದ್ದೆ. ಆಗ ಕೇಳಿದರು.

“ಬಿಹಾಗ ಹಾಡ್ತೀಯೇನು?”

“ದಿನಾ ರಾತ್ರಿ ಹಾಡ್ತೀನ್ರಿ ಆಯಿ.”

“ಹ್ಯಾಂಗ ಕೇಳಸ್ತೈತಿ ಅದು, ರಾತ್ರಿ? ನನಗ ಮರತ ಹೋಗೇತಿ ಮಗಳ.”

ನಾನು ಹೊರಗೆ ಹೋಗಿ ಚಕ್ಕಡಿಯವನಿಗೆ ಎತ್ತು ಬಿಚ್ಚಲು ಹೇಳಿ ಬಂದೆ.

ಹೊತ್ತು ಮುಳುಗಿತು. ಆಯಿ ಕಣ್ಣು ಮುಚ್ಚಿ ಕೈ ಮುಗಿದರು, ಅಲ್ಲಿಗೆ ಅವರ ಮಾತು ನಿಂತಿತು. ಆ ಕೋಣೆಗೆ ದೀಪ ತರಬೇಡಿರೆಂದು ಮನೆಯವರಿಗೆ ಹೇಳಿದೆ. ಪೂರಾ ಕತ್ತಲಾಗುವವರೆಗೆ ಕಾದೆ. ಆಮೇಲೆ ತಂಬೂರಿ ತೆಗೆದು ಅವರ ಮಗ್ಗುಲಲ್ಲಿ ಇಟ್ಟೆ. ಅವರ ಬೆರಳು ತಾನಾಗಿಯೇ ತಂತಿಗೆ ಹೋಯಿತು. ಗೋಡೆಯಾಚೆಯ ಕೊಟ್ಟಿಗೆಯಲ್ಲಿ ಎತ್ತೊಂದು ಮೆಲುಕು ಹಾಕುತ್ತಿತ್ತು, ಒಂದೇ ಸಮನೆ, ಯಾವ ಅವಸರವೂ ಇಲ್ಲದೆ. ಅದನ್ನೇ ತಾಳ ಮಾಡಿಕೊಂಡು ಬಿಹಾಗ ಹಾಡಿದೆ. ಒಂದು ಸಲ ತಂಬೂರಿ ನಿಂತಿತು. ಮತ್ತೆ ಮಿಡಿಯಿತು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಕಂಡಿದ್ದರೆ ನನ್ನಿಂದ ಹಾಡಲು ಆಗುತ್ತಿರಲಿಲ್ಲವೇನೋ...

ಹಾಡು ಮುಗಿದ ಮೇಲೆ ಆಯಿ ಏನೂ ಅನ್ನುವಂತಿರಲಿಲ್ಲ. ನಾನು ಅವರ ಪಕ್ಕದಲ್ಲೇ ಮಲಗಿದೆ, ನಿದ್ದೆ ಹತ್ತಲಿಲ್ಲ. ಯಾವ ಪರೀಕ್ಷೆಯ ಫಲಿತಾಂಶಕ್ಕೂ ಯಾರೂ ಅಷ್ಟು ಕಾದಿರಲಿಕ್ಕಿಲ್ಲ. ಬೆಳಗಾಯಿತು. ಬಿಸಿಲು ಹೊಸ್ತಿಲಿಗೆ ಬಂದಾಗ ಆಯಿ ಕೈ ಮುಗಿದು ರಾತ್ರಿಯ ನೇಮ ಮುಗಿಸಿ ನನ್ನ ಕಡೆ ಹೊರಳಿದರು.

“ಎಳಿ ಎಲ್ಲೂ ಹರೀಲಿಲ್ಲ,” ಎಂದರು. ಮತ್ತೆ, “ಹಾಲ ಕುಡದ ಹೋಗು,” ಎಂದರು.

ಅದೇ ಕೊನೆಯ ಭೇಟಿ. ಆ ಮಳೆಗಾಲ ಕಳೆಯುವುದರೊಳಗೆ ಆಯಿ ಹೋದರು. ಹೊಳೆ ತುಂಬಿ ದಾರಿ ಕಟ್ಟಿತ್ತು, ಮುಖ ನೋಡಲು ಸಿಗಲಿಲ್ಲ. ತಂಬೂರಿ ಯಾರ ಪಾಲಾಯಿತೋ ತಿಳಿಯದು.

ಆಮೇಲೆ ದೊಡ್ಡ ದೊಡ್ಡವರ ಹಾಡು ಕೇಳಿದ್ದೇನೆ, ಊರ ಮಕ್ಕಳಿಗೆ ನನಗೆ ಬಂದಷ್ಟು ಕಲಿಸಿದ್ದೇನೆ. ನನ್ನದೆಂದು ಹೇಳಿಕೊಳ್ಳುವ ಹಾಡೆಲ್ಲ ಆ ಗೋಡೆಯಾಚೆಯದು. ಖಾಸಬಾಗದಲ್ಲಿ ಈಗ ಕರೆಂಟಿನ ಮಗ್ಗಗಳಂತೆ, ಅವುಗಳ ಸಪ್ಪಳದಲ್ಲಿ ಪಕ್ಕದ ಮನೆಯವರು ಕೂಗಿದರೂ ಕೇಳುವುದಿಲ್ಲವಂತೆ. ಅವಲಕ್ಕಿಗೂ ಈಗ ಯಂತ್ರ ಬಂದಿದೆ.

ಮೊನ್ನೆ ಗಂಜಿ ಹಾಕಿದ ಸೀರೆಗಳು ತಂತಿಯ ಮೇಲೆ ಒಣಗುತ್ತಿದ್ದವು. ರಾತ್ರಿ ಊಟವಾದ ಮೇಲೆ ಯಾಕೋ ತಡೆಯಲಾಗದೆ ಬಿಹಾಗ ಎತ್ತಿದೆ. ನಡುವೆ ಒಂದು ಕಡೆ, ಕಿವಿಯೊಳಗೆ ಅಪ್ಪನ ಮಗ್ಗ ನಿಂತಂತಾಗಿ, ನಾನೂ ನಿಂತೆ. ಸೊಸೆ ಅಡುಗೆಮನೆಯಿಂದ ಇಣುಕಿ, “ಯಾಕ ನಿಂತ್ರಿ ಅತ್ತಿ? ಮರ್ತ್ರೇನು?” ಎಂದು ಕೇಳಿದಳು.

“ಇಲ್ಲವಾ. ಎಳಿ ಹರದೈತಿ,” ಎಂದೆ.

ಅವಳಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಗೋಡೆಯಾಚೆ ಗಂಟು ಹಾಕುವವರು ಯಾರೂ ಇಲ್ಲ ಎಂದು ಗೊತ್ತಿದ್ದೂ ತುಸು ಹೊತ್ತು ಕಾದೆ. ಆಮೇಲೆ ಬಿಟ್ಟ ಅಕ್ಷರದಿಂದಲೇ ಹಿಡಿದು ಹಾಡು ಮುಗಿಸಿದೆ.